ಹಳೆಯ ಯಂತ್ರಕ್ಕೆ ಹೊಸ ಹಲ್ಲು

ಕಬ್ಬು ನುರಿಸುವ ಹಂಗಾಮು ಮೊದಲಾಯಿತೆಂದರೆ ಭಾಲ್ಕಿಯ ವರ್ಕ್‌ಶಾಪುಗಳಲ್ಲಿ ಹಗಲು ರಾತ್ರಿಗಳೆಂಬ ಭೇದವಿರುವುದಿಲ್ಲ. ಒಬ್ಬನ ಗಾಣದ ಉರುಳೆ ಸವೆದಿರುವುದು. ಇನ್ನೊಬ್ಬನ ಟ್ರಾಲಿಯ ಅಚ್ಚು ಬಾಗಿರುವುದು. ಮತ್ತೊಬ್ಬನ ಪಂಪಿನ ದಂಡದಲ್ಲಿ ಕೀ ಕೂರುವ ತೋಡು ಅಗಲವಾಗಿರುವುದು. ಇವೆಲ್ಲ ಒಂದೆರಡು ದಿನಗಳಲ್ಲಿ ಸರಿಯಾಗದಿದ್ದರೆ ಕಡಿದ ಕಬ್ಬು ಒಣಗಿ ತೂಕವನ್ನು ಕಳೆದುಕೊಳ್ಳುವುದು. ಇಂಥ ಸಮಯದಲ್ಲಿಯೇ ಊರಿನ ಒಂದು ಚಿಕ್ಕ ವರ್ಕ್‌ಶಾಪಿನ ಮಿಲ್ಲಿಂಗ್ ಯಂತ್ರವು ಕಟಕಟನೆ ಸದ್ದು ಮಾಡಿ ನಿಂತುಹೋಯಿತು. ಪೆಟ್ಟಿಗೆಯನ್ನು ಬಿಚ್ಚಿ ನೋಡಲಾಗಿ, ಮೇಜನ್ನು ಮುನ್ನಡೆಸುವ ಹಲ್ಲುಚಕ್ರಗಳಲ್ಲಿ ಒಂದರ ಐದು ಹಲ್ಲುಗಳು ಮುರಿದು ಎಣ್ಣೆಯ ತಳದಲ್ಲಿ ಬಿದ್ದಿದ್ದವು.

ಯಂತ್ರವು ಬಹಳ ಹಳೆಯದು. ಅದರ ಹೆಸರಿನ ಫಲಕ ಎಂದೋ ಕಳಚಿಹೋಗಿದೆ. ಕೈಯಿಂದ ಕೈಗೆ ಮಾರಾಟವಾಗುತ್ತ ಬಂದುದರಿಂದ ಅದನ್ನು ಮಾಡಿದವರು ಯಾರೆಂಬುದನ್ನು ಹೇಳಬಲ್ಲವರೂ ಉಳಿದಿಲ್ಲ. “ಈ ಮಶೀನಿನ ಸಾಮಾನು ಈಗ ಎಲ್ಲೂ ಸಿಗಂಗಿಲ್ರಿ, ಸರ್. ಇನ್ನ ಗುಜರಿಗೆ ತೂಗಿ ಹಾಕೋದೇ ಉಳದದ” ಎಂದರು ಮಿಸ್ತ್ರಿಯವರು. ಒಂದು ಟನ್ನಿಗೂ ಮಿಕ್ಕಿದ ತೂಕದ ಯಂತ್ರವು ಹಳೆಯ ಕಬ್ಬಿಣದ ಬೆಲೆಗೆ ಹೋಗಬೇಕು. ಹೊಸದನ್ನು ಕೊಳ್ಳುವುದು ಅವರ ಸಂಪಾದನೆಗೆ ಮೀರಿದ ಮಾತು. ಅದರೊಡನೆಯೇ ಅಲ್ಲಿ ಕೆಲಸ ಕಲಿಯುತ್ತಿರುವ ಇಬ್ಬರು ಹುಡುಗರ ದಾರಿಯೂ ಮುಚ್ಚಿದಂತಾಗುವುದು.

ನಾವು ನಮ್ಮ ಇಬ್ಬರು ವಿದ್ಯಾರ್ಥಿಗಳೊಡನೆ ಒಂದು ವರ್ನಿಯರ್ ಕ್ಯಾಲಿಪರನ್ನು ಹಿಡಿದುಕೊಂಡು ಅಲ್ಲಿಗೆ ಹೋದೆವು. ಬಿಡಿಭಾಗವನ್ನು ಹುಡುಕುವುದೆಂದರೆ ಅಂಗಡಿಯಿಂದ ಅಂಗಡಿಗೆ ಅಲೆಯುವುದೆಂದು ಹಲವರ ಎಣಿಕೆ. ಆದರೆ ಬೇಕಾದುದು ಏನೆಂಬುದನ್ನು ತಿಳಿಯದೆ ಅಲೆದರೆ ಫಲವೇನು? ಹುಡುಕಾಟದ ಮೊದಲನೆಯ ಅರ್ಧವು ಅಳತೆ ಮತ್ತು ಲೆಕ್ಕಗಳಲ್ಲಿಯೇ ನಡೆಯತಕ್ಕದ್ದು. ಅದು ಹೇಗೆಂಬುದನ್ನು ಇಲ್ಲಿ ವಿವರಿಸುವೆವು.

ಯಂತ್ರಗಳನ್ನು ಹೆರುವ ಯಂತ್ರ

ಲೇತ್ ಯಂತ್ರದಲ್ಲಿ ಕೆಲಸದ ವಸ್ತುವು ಸುತ್ತುತ್ತದೆ, ಉಳಿಯು ಸುತ್ತುವುದಿಲ್ಲ. ಮಿಲ್ಲಿಂಗ್ ಯಂತ್ರದಲ್ಲಿ ಇದು ತಿರುಗುಮುರುಗು. ಅಲ್ಲಿ ಹಲವು ಹಲ್ಲುಗಳುಳ್ಳ ಕಟ್ಟರು ಸುತ್ತುತ್ತಿರುವುದು. ಮೇಜಿಗೆ ಬಿಗಿದ ವಸ್ತುವು ಮೆಲ್ಲಮೆಲ್ಲನೆ ಅದರ ಬಾಯಿಗೆ ಸರಿಯುವುದು. ಚಪ್ಪಟೆಯಾದ ಮೈ, ತೋಡು, ಹಲ್ಲುಚಕ್ರದ ಹಲ್ಲು ಮೊದಲಾದುವನ್ನು ಇದರಿಂದ ಕೊರೆಯಬಹುದು. ಅಮೆರಿಕದ ಜೋಸೆಫ್ ಬ್ರೌನ್ ಎಂಬುವನ ಸಾರ್ವತ್ರಿಕ ಮಿಲ್ಲಿಂಗ್ ಯಂತ್ರವು 1862ರಲ್ಲಿ ಬಳಕೆಗೆ ಬಂದಿತು. ಅಲ್ಲಿಯವರೆಗೆ ಬೈರಿಗೆಯ ಮೇಲಿನ ಸುರುಳಿ ತೋಡನ್ನು ಕೈಯಿಂದ ಅರದಲ್ಲಿ ಉಜ್ಜಿ ಮಾಡುತ್ತಿದ್ದರು. ಆ ಶ್ರಮವನ್ನು ತಪ್ಪಿಸುವುದೇ ಅವನ ಉದ್ದೇಶವಾಗಿತ್ತು.

ಇಂಥ ಯಂತ್ರಗಳು ನಮ್ಮ ನಾಡಿನಲ್ಲಿಯೂ ತಯಾರಾಗಿವೆ. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯ ಲೇತುಗಳು ದೇಶದಲ್ಲೆಲ್ಲ ಹೆಸರಾದವು. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಅಂದರೆ ನಾವೆಲ್ಲ ಎಚ್.ಎಂ.ಟಿ. ಎಂದು ಕರೆಯುವ ಸರ್ಕಾರಿ ಸಂಸ್ಥೆಯು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದೊಡನೆ ಮೊದಲಾಯಿತು. ಮುಂದೆ ಜರ್ಮನಿಯ ಫ್ರಿಟ್ಜ್ ವೆರ್ನರ್ ಸಂಸ್ಥೆಯ ಸಹಯೋಗದಲ್ಲಿ ಅದು ಮಿಲ್ಲಿಂಗ್ ಯಂತ್ರಗಳನ್ನೂ ಮಾಡಿತು. ಹರಿಹರದ ಕಾರ್ಖಾನೆ ಈ ಶತಮಾನದ ಮೊದಲ ವರ್ಷಗಳಲ್ಲಿ ಮುಚ್ಚಿಹೋಯಿತು. ಕಾರ್ಖಾನೆ ಮುಚ್ಚಿದರೂ ಅದು ಹೆತ್ತ ಯಂತ್ರಗಳು ಸಾಯುವುದಿಲ್ಲ. ಎಷ್ಟೋ ಊರುಗಳಲ್ಲಿ ಅವು ಇಂದಿಗೂ ದುಡಿಯುತ್ತಿವೆ. ಆದುದರಿಂದಲೇ ಬಿಡಿಭಾಗದ ಪ್ರಶ್ನೆಯು ಭಾಲ್ಕಿಯ ಒಂದು ವರ್ಕ್‌ಶಾಪಿನದು ಮಾತ್ರವಲ್ಲ.

ಹುಡುಕುವ ನಾಲ್ಕು ದಾರಿಗಳು

ಮೊದಲನೆಯದು, ಯಂತ್ರವನ್ನು ಮಾಡಿದವರನ್ನೋ ಅವರ ಉತ್ತರಾಧಿಕಾರಿಗಳನ್ನೋ ಕೇಳುವುದು. ಇದಕ್ಕೆ ಫಲಕದ ಮೇಲಿನ ಹೆಸರೂ ಕ್ರಮಸಂಖ್ಯೆಯೂ ಬೇಕು. ಫಲಕ ಹೋಗಿದ್ದರೂ ಮೇಜಿನ ತುದಿಯಲ್ಲಾಗಲಿ ಕಂಬದ ಮೈಮೇಲಾಗಲಿ ಅಂಕೆಗಳನ್ನು ಒತ್ತಿರುವುದುಂಟು. ಬಣ್ಣವನ್ನು ಕೆರೆದು ನೋಡಬೇಕು.

ಎರಡನೆಯದು, ಅದೇ ಜಾತಿಯ ಇನ್ನೊಂದು ಯಂತ್ರವು ಎಲ್ಲಿಯಾದರೂ ಗುಜರಿಗೆ ಬಂದಿದೆಯೇ ಎಂದು ವಿಚಾರಿಸುವುದು. ನಮ್ಮ ಜಿಲ್ಲೆಯವರು ಇದಕ್ಕಾಗಿ ಸಾಮಾನ್ಯವಾಗಿ ಹೈದರಾಬಾದಿನ ಕಡೆಗೆ ಮುಖಮಾಡುವರು. ಸಿಕಂದರಾಬಾದಿನ ರಾಣಿಗಂಜ್ ಯಂತ್ರಸಾಮಗ್ರಿಗಳ ದೊಡ್ಡ ಪೇಟೆ.

ಮೂರನೆಯದು, ಪ್ರಮಾಣೀಕೃತ ಭಾಗಗಳನ್ನು ಗುರುತಿಸುವುದು. ಹಳೆಯ ಯಂತ್ರದಲ್ಲಿ ಎಲ್ಲವೂ ಅಪರೂಪದ್ದಾಗಿರುವುದಿಲ್ಲ. ಒಂದು ಬಾಲ್ ಬೇರಿಂಗಿನ ಮೇಲೆ 6206 ಎಂದು ಕೆತ್ತಿದ್ದರೆ, ಕೊನೆಯ ಎರಡು ಅಂಕೆಗಳಾದ 06ನ್ನು 5ರಿಂದ ಗುಣಿಸಿರಿ, 30 ಮಿ.ಮೀ. ಬರುವುದು. ಅದೇ ಒಳರಂಧ್ರದ ವ್ಯಾಸ. ಹೊರವ್ಯಾಸ 62, ದಪ್ಪ 16 ಮಿ.ಮೀ. ಯಾವ ದೇಶದ ಯಾವ ಕಂಪನಿಯು ಮಾಡಿದ 6206 ಆದರೂ ಅಳತೆ ಇಷ್ಟೇ. ಬೆಲ್ಟು, ಎಣ್ಣೆಯ ಸೀಲು, ಬೋಲ್ಟು ಮೊದಲಾದುವೂ ಹೀಗೆಯೇ ಬೀದರಿನಲ್ಲೋ ಭಾಲ್ಕಿಯಲ್ಲೋ ದೊರಕುವುವು.

ಈ ಮೂರೂ ದಾರಿಗಳು ಮುಚ್ಚಿದಾಗ ಉಳಿಯುವುದು ನಾಲ್ಕನೆಯದು: ಮುರಿದ ಭಾಗವನ್ನು ಅಳೆದು, ಅದರ ಮೂಲ ವಿನ್ಯಾಸವನ್ನು ಊಹಿಸಿ, ಹೊಸದಾಗಿ ಮಾಡುವುದು. ನಮ್ಮ ಹಲ್ಲುಚಕ್ರಕ್ಕೆ ಈ ದಾರಿಯೊಂದೇ ಉಳಿದಿತ್ತು.

ಅಂಗುಲವೋ, ಮಿಲ್ಲಿಮೀಟರೋ?

ಹಳೆಯ ಯಂತ್ರದ ಮುಂದೆ ನಿಂತವನು ಕೇಳಬೇಕಾದ ಮೊದಲನೆಯ ಪ್ರಶ್ನೆ ಇದು. ಬೀದರ ಜಿಲ್ಲೆಯು ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿದ 1956ನೆಯ ಇಸವಿಯಲ್ಲಿಯೇ ಭಾರತದ ತೂಕ ಮತ್ತು ಅಳತೆಗಳ ಶಾಸನವೂ ಬಂದಿತು. 1958ರ ಅಕ್ಟೋಬರ್ 1ರಿಂದ ಮೆಟ್ರಿಕ್ ಪದ್ಧತಿಯನ್ನು ಹಂತಹಂತವಾಗಿ ಜಾರಿಗೆ ತರಲಾಯಿತು. ಶಾಸನವು ಅಂಗಡಿಯ ಗಜಕೋಲನ್ನು ಬದಲಾಯಿಸಿತು. ಆದರೆ ಅದಾಗಲೇ ನೆಲಕ್ಕೆ ಬಿಗಿದಿದ್ದ ಯಂತ್ರಗಳ ಹಲ್ಲುಗಳನ್ನು ಬದಲಾಯಿಸಲು ಯಾವ ಶಾಸನಕ್ಕೂ ಸಾಧ್ಯವಿಲ್ಲ. ಆದುದರಿಂದ ನಮ್ಮ ವರ್ಕ್‌ಶಾಪುಗಳಲ್ಲಿ ಇಂದಿಗೂ ಎರಡು ಅಳತೆಗಳು ಒಟ್ಟಿಗೆ ಬಾಳುತ್ತಿವೆ.

ಎರಡನ್ನೂ ಬೆಸೆಯುವ ಸಂಖ್ಯೆಯೊಂದುಂಟು. ಇಂಗ್ಲೆಂಡು, ಅಮೆರಿಕ ಮೊದಲಾದ ಆರು ದೇಶಗಳು 1959ರಲ್ಲಿ ಒಪ್ಪಿಕೊಂಡಂತೆ 1 ಅಂಗುಲವೆಂದರೆ ನಿಖರವಾಗಿ 25.4 ಮಿ.ಮೀ. ಇದನ್ನು ನೆನಪಿಟ್ಟುಕೊಂಡು ಮುಂದಕ್ಕೆ ಹೋಗೋಣ.

ಹಲ್ಲುಚಕ್ರದ ಜಾತಕ

ಮುರಿದ ಹಲ್ಲುಗಳ ಬುಡಗಳನ್ನೂ ಸೇರಿಸಿ ಎಣಿಸಿದಾಗ ಒಟ್ಟು 34 ಹಲ್ಲುಗಳಿದ್ದವು. ಎದುರೆದುರು ಉಳಿದಿದ್ದ ಎರಡು ಹಲ್ಲುಗಳ ತುದಿಯಿಂದ ತುದಿಗೆ ವರ್ನಿಯರಿನಲ್ಲಿ ಅಳೆದಾಗ ಹೊರವ್ಯಾಸ 114.1 ಮಿ.ಮೀ. ಬಂದಿತು. ಮೆಟ್ರಿಕ್ ಪದ್ಧತಿಯಲ್ಲಿ ಹಲ್ಲಿನ ಗಾತ್ರವನ್ನು ‘ಮಾಡ್ಯೂಲ್’ ಎಂಬುದರಿಂದ ಹೇಳುವರು. ಸಾಧಾರಣ ನೇರ ಹಲ್ಲಿನ ಚಕ್ರಕ್ಕೆ ಅದರ ಸೂತ್ರ ಹೀಗಿದೆ:

ಮಾಡ್ಯೂಲ್ = ಹೊರವ್ಯಾಸ ÷ (ಹಲ್ಲುಗಳ ಸಂಖ್ಯೆ + 2)

ನಮ್ಮ ಚಕ್ರಕ್ಕೆ ಇದು 114.1 ÷ 36, ಅಂದರೆ 3.169 ಆಯಿತು. ಮೆಟ್ರಿಕ್ ಚಕ್ರಗಳು 2, 2.5, 3, 4 ಮೊದಲಾದ ನಿಗದಿಯಾದ ಮಾಡ್ಯೂಲ್‌ಗಳಲ್ಲಿ ತಯಾರಾಗುವುವು. 3.169 ಅವುಗಳಲ್ಲಿಲ್ಲ. ಸವೆತದಿಂದ 3 ಎಂಬುದು 3.169 ಆಗಲಾರದು, ಸವೆತವು ಅಳತೆಯನ್ನು ತಗ್ಗಿಸೀತೇ ಹೊರತು ಹೆಚ್ಚಿಸಲಾರದು.

ಆಗ ಅಂಗುಲದ ಪದ್ಧತಿಯನ್ನು ಪರೀಕ್ಷಿಸಬೇಕು. ಅಲ್ಲಿ ವ್ಯಾಸದ ಒಂದು ಅಂಗುಲಕ್ಕೆ ಎಷ್ಟು ಹಲ್ಲುಗಳೆಂದು ಲೆಕ್ಕ. ಇದಕ್ಕೆ ಡಯಾಮೆಟ್ರಲ್ ಪಿಚ್ ಎಂದು ಹೆಸರು. ಮಿಸ್ತ್ರಿಗಳ ಬಾಯಲ್ಲಿ ಇದು ‘ಡಿಪಿ’. 25.4ನ್ನು ಮಾಡ್ಯೂಲಿನಿಂದ ಭಾಗಿಸಿದರೆ ಡಿಪಿ ಬರುವುದು. 25.4 ÷ 3.169 = 8.01. ಇದು 8ಕ್ಕೆ ಎಷ್ಟು ಹತ್ತಿರವಾಗಿದೆ ನೋಡಿರಿ! ಹೊಸದಿದ್ದಾಗ ಈ ಚಕ್ರದ ಹೊರವ್ಯಾಸ 36 ÷ 8, ಅಂದರೆ ನಾಲ್ಕೂವರೆ ಅಂಗುಲ, 114.3 ಮಿ.ಮೀ. ಇದ್ದಿರಬೇಕು. ಫಲಕವಿಲ್ಲದ ಯಂತ್ರವು ಅಂಗುಲದ ದೇಶದಲ್ಲಿ ಹುಟ್ಟಿದುದೆಂದು ತನ್ನ ಹಲ್ಲುಗಳಿಂದಲೇ ಹೇಳಿತು.

ಇಷ್ಟಕ್ಕೇ ತೃಪ್ತರಾಗಬಾರದು. ಒಂದು ಊಹೆಯನ್ನು ಬೇರೊಂದು ಸ್ವತಂತ್ರ ಅಳತೆಯಿಂದ ಪರೀಕ್ಷಿಸುವುದೇ ಭೌತಶಾಸ್ತ್ರದ ಕ್ರಮ. ಈ ಚಕ್ರದೊಡನೆ ಕೂಡುವ ಇನ್ನೊಂದು ಚಕ್ರಕ್ಕೆ 50 ಹಲ್ಲುಗಳಿದ್ದವು. ಊಹೆ ಸರಿಯಾಗಿದ್ದರೆ ಎರಡು ದಂಡಗಳ ಕೇಂದ್ರಗಳ ನಡುವಣ ದೂರವು (34 + 50) ÷ (2 × 8) ಅಂಗುಲ, ಅಂದರೆ ಐದೂಕಾಲು ಅಂಗುಲ, 133.35 ಮಿ.ಮೀ. ಇರಬೇಕು. ಅಳೆದಾಗ ವರ್ನಿಯರಿನ ಮಿತಿಯೊಳಗೆ ಅದೇ ಬಂದಿತು. ದಂಡಗಳ ದೂರವು ಸವೆಯುವಂಥದಲ್ಲವಾದುದರಿಂದ ಈ ಸಾಕ್ಷ್ಯವು ಹೊರವ್ಯಾಸದ ಸಾಕ್ಷ್ಯಕ್ಕಿಂತಲೂ ಬಲವಾದುದು.

ಇನ್ನೊಂದು ವಿಷಯ ಉಳಿದಿತ್ತು. ಹಲ್ಲಿನ ಬದಿಯು ಇನ್‌ವೊಲ್ಯೂಟ್ ಎಂಬ ವಕ್ರರೇಖೆಯ ಆಕಾರದಲ್ಲಿರುವುದು. ಒಂದು ಉರುಳೆಗೆ ಸುತ್ತಿದ ದಾರವನ್ನು ಬಿಗಿಯಾಗಿ ಹಿಡಿದು ಬಿಚ್ಚುತ್ತ ಹೋದರೆ ದಾರದ ತುದಿಯು ಎಳೆಯುವ ಗೆರೆಯೇ ಅದು. ಈ ಆಕಾರದಿಂದಾಗಿ ಹಲ್ಲುಗಳು ಒಂದನ್ನೊಂದು ತಳ್ಳುವ ದಿಕ್ಕು ಬದಲಾಗದೆ, ಚಕ್ರಗಳ ವೇಗದ ಅನುಪಾತವು ಒಂದೇ ಸಮನಾಗಿ ಉಳಿಯುವುದು. ತಳ್ಳುವ ದಿಕ್ಕಿಗೆ ‘ಒತ್ತಡ ಕೋನ’ವೆಂದು ಹೆಸರು. ಹಳೆಯ ಚಕ್ರಗಳಲ್ಲಿ ಅದು ಸಾಮಾನ್ಯವಾಗಿ 14½ ಡಿಗ್ರಿ. ಈಚಿನವುಗಳಲ್ಲಿ 20 ಡಿಗ್ರಿ. ಕಣ್ಣಿಗೆ ವ್ಯತ್ಯಾಸ ಕಾಣುವುದೇ ಕಷ್ಟ. ಆದರೆ ಉಪಾಯವೊಂದುಂಟು. ಕ್ಯಾಲಿಪರಿನ ದವಡೆಗಳಲ್ಲಿ ಮೂರು ಹಲ್ಲುಗಳನ್ನು ಹಿಡಿದು ಅಳೆಯಿರಿ. ಅನಂತರ ನಾಲ್ಕು ಹಲ್ಲುಗಳನ್ನು ಹಿಡಿದು ಅಳೆಯಿರಿ. ನಮಗೆ ಬಂದ ಅಳತೆಗಳು 24.62 ಮತ್ತು 34.28, ವ್ಯತ್ಯಾಸ 9.66 ಮಿ.ಮೀ. 8 ಡಿಪಿ ಚಕ್ರಕ್ಕೆ ಈ ವ್ಯತ್ಯಾಸವು 14½ ಡಿಗ್ರಿಯಾದರೆ 9.66, 20 ಡಿಗ್ರಿಯಾದರೆ 9.37 ಆಗಬೇಕೆಂದು ಗಣಿತವು ಹೇಳುತ್ತದೆ. ಸಂದೇಹ ಪರಿಹಾರವಾಯಿತು. ಹಲ್ಲಿನ ಎರಡೂ ಬದಿಗಳು ಸವೆದಿದ್ದರೂ ಆ ಸವೆತವು ಎರಡು ಅಳತೆಗಳಲ್ಲಿಯೂ ಸಮನಾಗಿ ಸೇರಿರುವುದರಿಂದ ಕಳೆದಾಗ ಅಳಿಸಿಹೋಗುವುದು. ಇದೇ ಈ ಉಪಾಯದ ಸೊಗಸು.

ಇಷ್ಟನ್ನೂ ಅಳೆಯದೆ, ಹತ್ತಿರದ ಗಾತ್ರವೆಂದು ಮಾಡ್ಯೂಲ್ 3ರ ಚಕ್ರವನ್ನು ತಂದು ಹಾಕಿದ್ದರೆ? ಅದರಲ್ಲಿ 9.66ರ ಸ್ಥಾನದಲ್ಲಿ 8.86 ಇರುವುದು. ಒಂದು ಹಲ್ಲಿಗೇ 0.8 ಮಿ.ಮೀ. ತಪ್ಪು. ಹಲ್ಲು ಹಲ್ಲಿನ ಸಂದಿಗೆ ಇಳಿಯದೆ ತಲೆಗೆ ತಲೆ ಹೊಡೆಯುವುದು. ಒಳ್ಳೆಯದಿದ್ದ 50 ಹಲ್ಲಿನ ಚಕ್ರವೂ ಹಾಳಾಗುವುದು.

ತಿರುಪು ಮತ್ತು ನಟ್ಟು

ಪೆಟ್ಟಿಗೆಯನ್ನು ಬಿಚ್ಚಿದ್ದಾಗಲೇ ಮೇಜಿನ ಕಂಚಿನ ನಟ್ಟು ಸವೆದುದೂ ಕಂಡುಬಂದಿತು. ಮೇಜನ್ನು ಸರಿಸುವ ತಿರುಪು ನಮ್ಮ ಪ್ರಯೋಗಶಾಲೆಯ ಸ್ಕ್ರೂ ಗೇಜಿನ ದೊಡ್ಡ ರೂಪವೇ ಸರಿ. ಅದರ ಹಿಡಿಯ ಬಳಿಯ ಬಳೆಯಲ್ಲಿ 200 ಗೆರೆಗಳಿದ್ದವು. ಒಂದು ಗೆರೆಗೆ ಅಂಗುಲದ ಸಾವಿರದೊಂದು ಭಾಗವೆಂದು ಹಿಡಿದರೆ ಒಂದು ಸುತ್ತಿಗೆ ಅಂಗುಲದ ಐದನೆಯ ಒಂದು ಭಾಗ, ಅಂದರೆ 5.08 ಮಿ.ಮೀ. ತಿರುಪಿನ ಹತ್ತು ಸುತ್ತುಗಳ ಉದ್ದವನ್ನು ಅಳೆದಾಗ 50.8 ಮಿ.ಮೀ. ಬಂದು ಅದು ದೃಢವಾಯಿತು. ಒಂದೇ ಸುತ್ತನ್ನು ಅಳೆದರೆ ಆಗುವ ತಪ್ಪು ಹತ್ತು ಸುತ್ತುಗಳನ್ನು ಅಳೆದಾಗ ಹತ್ತರಲ್ಲಿ ಒಂದಾಗುವುದು.

ಪೇಟೆಯಲ್ಲಿ ಸುಲಭವಾಗಿ ಸಿಗುವ 5 ಮಿ.ಮೀ. ನಟ್ಟು ಇಲ್ಲಿ ನಡೆಯಲಾರದು. ಒಂದು ಸುತ್ತಿನಲ್ಲಿ ತಪ್ಪು 0.08 ಮಿ.ಮೀ. ಮಾತ್ರವಾದರೂ ಎಂಟು ಸುತ್ತುಗಳ ನಟ್ಟಿನಲ್ಲಿ ಅದು 0.64 ಮಿ.ಮೀ. ಆಗಿ ತಿರುಪು ಸಿಕ್ಕಿಕೊಳ್ಳುವುದು. ಇಂದಿನ ಮೆಟ್ರಿಕ್ ಲೇತಿನಲ್ಲಿ ಅಂಗುಲದ ಸುತ್ತುಗಳನ್ನು ಕೊರೆಯಬೇಕಾದರೆ 127 ಹಲ್ಲುಗಳ ಚಕ್ರವೊಂದನ್ನು ಜೋಡಿಸುವರು. ಏಕೆ 127? 25.4ನ್ನು 5ರಿಂದ ಗುಣಿಸಿದರೆ 127. ಇದು ಅವಿಭಾಜ್ಯ ಸಂಖ್ಯೆಯಾದುದರಿಂದ ಚಿಕ್ಕ ಚಕ್ರಗಳ ಯಾವ ಜೋಡಣೆಯಿಂದಲೂ ಅದರ ಕೆಲಸವನ್ನು ನಿಖರವಾಗಿ ಮಾಡಲಾಗದು.

ಬೋಲ್ಟುಗಳಲ್ಲಿಯೂ ಈ ಎಚ್ಚರಿಕೆ ಬೇಕು. ಜೋಸೆಫ್ ವ್ಹಿಟ್‌ವರ್ತ್ 1841ರಲ್ಲಿ ಸೂಚಿಸಿದ ಇಂಗ್ಲಿಷ್ ತಿರುಪಿನ ಸುತ್ತಿನ ಕೋನ 55 ಡಿಗ್ರಿ. ಅಮೆರಿಕದ ವಿಲಿಯಂ ಸೆಲ್ಲರ್ಸ್ 1864ರಲ್ಲಿ ಸೂಚಿಸಿದುದು 60 ಡಿಗ್ರಿ. ಮೆಟ್ರಿಕ್ ತಿರುಪಿನದೂ 60. ಅರ್ಧ ಅಂಗುಲದ ಬೋಲ್ಟಿಗೆ ಇಂಗ್ಲಿಷ್ ಪದ್ಧತಿಯಲ್ಲಿ ಅಂಗುಲಕ್ಕೆ 12 ಸುತ್ತುಗಳು, ಅಮೆರಿಕದ ಪದ್ಧತಿಯಲ್ಲಿ 13. ಒಂದೆರಡು ಸುತ್ತು ಹತ್ತಿ ಬಿಗಿಯಾದರೆ ಸ್ಪ್ಯಾನರಿನ ಬಲವನ್ನು ಹೆಚ್ಚಿಸದೆ ಬೋಲ್ಟನ್ನು ಹೊರಕ್ಕೆ ತೆಗೆಯುವುದೇ ಜಾಣತನ.

ಎರಕದ ಭಾಗಗಳು

ಹಿಡಿ, ಮುಚ್ಚಳ, ಆಧಾರಗಳಂಥ ಬೀಡುಕಬ್ಬಿಣದ ಭಾಗಗಳು ಮುರಿದರೆ ಅವನ್ನು ಎರಕ ಹೊಯ್ಯಿಸಬಹುದು. ಬೆಳಗಾವಿ ಮತ್ತು ಕೊಲ್ಲಾಪುರಗಳ ಎರಕದ ಕಾರ್ಖಾನೆಗಳು ಪ್ರಸಿದ್ಧವಾಗಿವೆ. ನಮ್ಮ ಜಿಲ್ಲೆಗಂತೂ ಎರಕವು ಹೊಸ ವಿದ್ಯೆಯಲ್ಲ. ಬಿದರಿಯ ಕುಶಲಕರ್ಮಿಗಳು ಮಣ್ಣಿಗೆ ಔಡಲೆಣ್ಣೆ ಮತ್ತು ರಾಳಗಳನ್ನು ಬೆರೆಸಿ ಅಚ್ಚನ್ನು ಮಾಡಿ, ಸತು ತಾಮ್ರಗಳ ಮಿಶ್ರಲೋಹವನ್ನು ಹೊಯ್ಯುವ ಪರಿಯನ್ನು ಬೀದರಿನಲ್ಲಿ ಇಂದಿಗೂ ನೋಡಬಹುದು.

ಆದರೆ ಮುರಿದ ಭಾಗವನ್ನೇ ಜೋಡಿಸಿ ಮರಳಿನಲ್ಲಿ ಒತ್ತಿ ಅಚ್ಚು ಮಾಡಿದರೆ ಹೊಸದು ಸಣ್ಣದಾಗಿ ಬರುವುದು. ಕರಗಿದ ಬೀಡುಕಬ್ಬಿಣವು ಗಟ್ಟಿಯಾಗಿ ತಣಿಯುವಾಗ ಉದ್ದದಲ್ಲಿ ಸುಮಾರು ನೂರಕ್ಕೆ ಒಂದು ಭಾಗ ಕುಗ್ಗುವುದು. 200 ಮಿ.ಮೀ. ಉದ್ದದ ಭಾಗದಲ್ಲಿ ಇದು 2 ಮಿ.ಮೀ. ಹೂದಾನಿಗೆ ಇದರಿಂದ ಕುಂದಿಲ್ಲ. ಯಂತ್ರಕ್ಕೆ ಇದು ದೊಡ್ಡ ತಪ್ಪು. ಆದುದರಿಂದ ಮರದ ಮಾದರಿಯನ್ನು ಕುಗ್ಗುವಷ್ಟು ಹಾಗೂ ಮೇಲೆ ಕೆತ್ತಿ ನುಣುಪು ಮಾಡಲು ಬೇಕಾದಷ್ಟು ದೊಡ್ಡದಾಗಿ ಮಾಡುವರು.

ಮುರಿಯಲೆಂದೇ ಮಾಡಿದ ಪಿನ್ನು

ಅಳತೆಯೆಲ್ಲ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬನು ಒಂದು ಪ್ರಶ್ನೆ ಕೇಳಿದನು: “ಇಷ್ಟು ವರ್ಷ ತಡೆದ ಹಲ್ಲು ಈಗೇಕೆ ಮುರಿಯಿತು?” ಉತ್ತರವು ದಂಡದ ಮೇಲೆಯೇ ಇತ್ತು. ಮೇಜಿನ ಚಾಲನೆಯ ದಾರಿಯಲ್ಲಿ ಕಾಲು ಅಂಗುಲದ ಒಂದು ಪಿನ್ನು ಇರಬೇಕು. ಕಟ್ಟರು ಸಿಕ್ಕಿಕೊಂಡು ಭಾರ ಮಿತಿಮೀರಿದರೆ ಮೊದಲು ಕತ್ತರಿಸಿಹೋಗಲೆಂದೇ ಅದನ್ನು ಮೃದುವಾದ ಉಕ್ಕಿನಿಂದ ಮಾಡಿರುವರು. ಮನೆಯ ವಿದ್ಯುತ್ತಿಗೆ ಫ್ಯೂಸ್ ಹೇಗೋ ಯಂತ್ರಕ್ಕೆ ಈ ಪಿನ್ನು ಹಾಗೆ. ಅದು ಪದೇಪದೇ ಮುರಿಯುವುದೆಂದು ಯಾರೋ ಅದರ ಸ್ಥಳದಲ್ಲಿ 8.8 ಎಂಬ ಗುರುತಿನ ಬೋಲ್ಟಿನ ತುಂಡನ್ನು ಹೊಡೆದಿದ್ದರು. ಆ ಗುರುತಿನ ಮೊದಲ ಅಂಕೆಯ ಅರ್ಥ, ಆ ಉಕ್ಕು ಪ್ರತಿ ಚದರ ಮಿಲ್ಲಿಮೀಟರಿಗೆ 800 ನ್ಯೂಟನ್ ಬಲವನ್ನು ತಡೆಯುವುದೆಂದು. ಸಾಧಾರಣ ಮೃದು ಉಕ್ಕು ತಡೆಯುವುದು ಸುಮಾರು 400. ಪಿನ್ನು ಎರಡರಷ್ಟು ಗಟ್ಟಿಯಾಯಿತು. ಹಲ್ಲು ಮೊದಲಿನಷ್ಟೇ ಉಳಿಯಿತು. ಅತಿ ದುರ್ಬಲವಾದುದು ಮೊದಲು ಮುರಿಯುವುದು ಪ್ರಕೃತಿನಿಯಮ. ಯಾವುದು ಮೊದಲು ಮುರಿಯಬೇಕೆಂಬುದನ್ನು ಗೊತ್ತುಮಾಡುವುದು ಮಾತ್ರ ವಿನ್ಯಾಸಕಾರನ ಕೈಯಲ್ಲಿರುವುದು. ಬಿಡಿಭಾಗವನ್ನು ಹುಡುಕುವಾಗ ‘ಇನ್ನೂ ಗಟ್ಟಿಯಾದುದು’ ಎಲ್ಲ ಕಡೆಯೂ ಒಳ್ಳೆಯದಲ್ಲ.

ಯಂತ್ರದಿಂದ ಯಂತ್ರಕ್ಕೆ

ಬೀದರಿನ ಒಂದು ವರ್ಕ್‌ಶಾಪಿನ ಮಿಲ್ಲಿಂಗ್ ಯಂತ್ರದಲ್ಲಿ ಹೊಸ ಚಕ್ರವನ್ನು ಕೊರೆಯಿಸಲಾಯಿತು. 8 ಡಿಪಿ, 14½ ಡಿಗ್ರಿಯ ಕಟ್ಟರುಗಳ ಎಂಟರ ಸಾಲಿನಲ್ಲಿ 26ರಿಂದ 34 ಹಲ್ಲುಗಳಿಗೆ 4ನೆಯ ಸಂಖ್ಯೆಯದನ್ನು ಬಳಸಬೇಕು. ಭಾಗಿಸುವ ತಲೆಯ ಹಿಡಿಯನ್ನು 40 ಸುತ್ತು ತಿರುಗಿಸಿದರೆ ಚಕ್ರವು ಒಂದು ಸುತ್ತು ತಿರುಗುವುದು. 34 ಹಲ್ಲುಗಳಿಗೆ, ಪ್ರತಿ ಹಲ್ಲಿಗೂ 40 ÷ 34, ಅಂದರೆ ಒಂದು ಪೂರ್ತಿ ಸುತ್ತು ಮತ್ತು ಹದಿನೇಳರಲ್ಲಿ ಮೂರು ಭಾಗ. 17 ರಂಧ್ರಗಳ ವೃತ್ತದಲ್ಲಿ ಮೂರು ರಂಧ್ರ ಮುಂದೆ ಸರಿದರೆ ಅಷ್ಟಾಯಿತು. ಹಲ್ಲಿನ ಆಳ 6.85 ಮಿ.ಮೀ. ಒಂದು ಮಿಲ್ಲಿಂಗ್ ಯಂತ್ರವನ್ನು ಬದುಕಿಸಲು ಇನ್ನೊಂದು ಮಿಲ್ಲಿಂಗ್ ಯಂತ್ರವೇ ಬೇಕಾಯಿತು. ಇಂಥ ಯಂತ್ರಗಳಿಗೆ ‘ತಾಯಿಯಂತ್ರ’ಗಳೆಂಬ ಹೆಸರು ಬಂದಿರುವುದು ಅದಕ್ಕಾಗಿಯೇ.

ಈ ವಿದ್ಯೆಯನ್ನು ಕ್ರಮವಾಗಿ ಕಲಿಯಬಯಸುವವರಿಗೆ ದಾರಿ ದೂರವಿಲ್ಲ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಮೊದಲಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆಯೊಂದು ನಮ್ಮ ಜಿಲ್ಲೆಯ ಹುಮನಾಬಾದಿನಲ್ಲಿಯೂ ಇದೆ.

ಹೊಸ ಚಕ್ರವನ್ನು ಕೂರಿಸಿ, ಮೃದು ಉಕ್ಕಿನ ಪಿನ್ನನ್ನು ಹಾಕಿ ಯಂತ್ರವನ್ನು ನಡೆಸಿದಾಗ ಕಟಕಟ ಸದ್ದು ಹೋಗಿತ್ತು. ಕಂಚಿನ ನಟ್ಟನ್ನು ಹಂಗಾಮು ಮುಗಿದ ಮೇಲೆ ಮಾಡಿಸುವುದೆಂದು ನಿಶ್ಚಯವಾಯಿತು. ಅಲ್ಲಿಯವರೆಗೆ ಮೇಜನ್ನು ಯಾವಾಗಲೂ ಒಂದೇ ದಿಕ್ಕಿನಿಂದ ತಂದು ನಿಲ್ಲಿಸಿದರೆ ಸಡಿಲದಿಂದಾಗುವ ತಪ್ಪು ಅಳತೆಗೆ ತಗಲದು. ಸ್ಕ್ರೂ ಗೇಜನ್ನು ಹಿಡಿದ ವಿದ್ಯಾರ್ಥಿಗಳೆಲ್ಲರೂ ಈ ನಿಯಮವನ್ನು ಬಲ್ಲರು. ಕೆಲಸ ಕಲಿಯುವ ಹುಡುಗರು ಎಲ್ಲ ಅಳತೆಗಳನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಕಳೆದುಹೋದ ಫಲಕಕ್ಕಿಂತ ಆ ಪುಸ್ತಕವೇ ಈಗ ಯಂತ್ರಕ್ಕೆ ಹೆಚ್ಚು ಬೆಲೆಯುಳ್ಳದ್ದು.

ವಾಚಕರು ಇದನ್ನು ಓದಿ ಬಿಡದೆ ತಾವೂ ಅಳೆದು ನೋಡಬೇಕೆಂದು ನಮ್ಮ ಬಯಕೆ. ಅದಕ್ಕೆ ವರ್ಕ್‌ಶಾಪಿಗೆ ಹೋಗಬೇಕಾಗಿಯೂ ಇಲ್ಲ. ನಿಮ್ಮ ಸೈಕಲ್ಲಿನ ಸರಪಣಿಯನ್ನು ಬಿಗಿಯಾಗಿ ಎಳೆದು, ಒಂದು ಪಿನ್ನಿನ ನಡುವಿನಿಂದ ಎಣಿಸುತ್ತ ಹೋಗಿ ಹತ್ತನೆಯ ಪಿನ್ನಿನ ನಡುವಿನವರೆಗೆ ಸ್ಕೇಲಿನಿಂದ ಅಳೆಯಿರಿ. ಮೊದಲನೆಯ ಪಿನ್ನನ್ನು ಸೊನ್ನೆಯೆಂದು ಎಣಿಸಬೇಕು. ಎಷ್ಟು ಮಿಲ್ಲಿಮೀಟರು ಬಂದಿತೆಂಬುದನ್ನು ನೋಡಿ, ಆ ಸರಪಣಿಯ ಅಳತೆಯು ಯಾವ ಪದ್ಧತಿಯಲ್ಲಿ ಹುಟ್ಟಿತೆಂಬುದನ್ನು ನೀವೇ ಹೇಳಬಲ್ಲಿರಿ.